ಮಹಿಳಾ ಅಧ್ಯಯನದ ಎಂ.ಎ.: ಹಾಕಿದ್ದೆಷ್ಟು, ಗಿಟ್ಟುವುದೆಷ್ಟು?

ಜೂನ್ ತಿಂಗಳು ಬಂತೆಂದರೆ ಕೊಂಢವಾದ ನಮ್ಮ ಕನ್ನಡ ಮನೆಗಳಲ್ಲಿ ಎರಡು ಚಿಂತೆಗಳು. ಒಂದು ಮಳೆಯ ಚಿಂತೆ, ಇನ್ನೊಂದು ಮಕ್ಕಳ ಕಾಲೇಜಿನ ಚಿಂತೆ. ಪತ್ರಾದ ಮಾಡು ಸೋರುವುದನ್ನು ಹೇಗೋ ತಡೆಯಬಹುದು, ಆದರೆ ಬಿ.ಎ. ಮುಗಿಸಿದ ಮಗಳು ‘ಮುಂದೆ ಓದುತ್ತೇನೆ’ ಎಂದಾಗ ತಂದೆತಾಯಿಗಳಿಗೆ ಏನು ಉತ್ತರ ಕೊಡಬೇಕೆಂಬುದೇ ತಿಳಿಯುವುದಿಲ್ಲ. ಅದರಲ್ಲೂ ಆಕೆ ಮಹಿಳಾ ಅಧ್ಯಯನ, ದಲಿತರ ಅಥವಾ ಬುಡಕಟ್ಟಿನವರ ಅಧ್ಯಯನ ಎಂಬ ಹೆಸರು ಹೇಳಿದಳೆಂದರೆ, ‘ಅದನ್ನು ಓದಿ ಯಾವ ನೌಕರಿ ಸಿಗುತ್ತದವ್ವಾ?’ ಎಂಬುದೇ ಮೊದಲ ಪ್ರಶ್ನೆ.

ಈ ಪ್ರಶ್ನೆ ತಪ್ಪಲ್ಲ. ಗೌಂಡಿ ಕೆಲಸ ಮಾಡಿ, ರಿಕ್ಷಾ ಓಡಿಸಿ, ನಾಲ್ಕು ಮನೆಯ ಮುಸುರೆ ತಿಕ್ಕಿ ಕೂಡಿಟ್ಟ ಹಣ ಎಲ್ಲಿಗೆ ಹೋಗುತ್ತದೆ, ಏನು ತರುತ್ತದೆ ಎಂದು ಕೇಳುವುದು ದುಡಿಯುವವರ ಹಕ್ಕು. ಅದನ್ನು ಸಂಕುಚಿತ ಬುದ್ಧಿ ಎಂದು ಮೂದಲಿಸುವವರು ತಮ್ಮ ಮಕ್ಕಳ ಫೀಯನ್ನು ಬೆವರಿನಿಂದ ಕಟ್ಟಿದವರಲ್ಲ. ಆದರೆ ಪ್ರಶ್ನೆಯನ್ನು ಅರ್ಧ ಕೇಳಿ, ಅರ್ಧ ಲೆಕ್ಕ ಮಾಡಿ, ‘ಬೇಡ’ ಎಂದುಬಿಡುವುದು ಸರಿಯಲ್ಲ. ಪೂರಾ ಲೆಕ್ಕ ಮಾಡೋಣ ಎಂಬುದೇ ಈ ಲೇಖನದ ಉದ್ದೇಶ.

ಮೊದಲು ಖರ್ಚಿನ ಕಡೆ ನೋಡೋಣ. ಕಾಲೇಜಿನ ಖರ್ಚು ಎಂದರೆ ಫೀ ಎಂದು ಮಾತ್ರ ನಾವು ತಿಳಿಯುತ್ತೇವೆ. ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುವವರಿಗೆ ಫೀ ಎಂಬುದು ಖರ್ಚಿನ ಸಣ್ಣ ಪಾಲು. ಬಸ್ಸಿನ ಪಾಸು, ಪುಸ್ತಕ, ಮಧ್ಯಾಹ್ನದ ಊಟ ಇವೆಲ್ಲ ಸೇರಿದರೂ ಅದು ದೊಡ್ಡ ಪಾಲಲ್ಲ. ದೊಡ್ಡ ಪಾಲು ಯಾವುದೆಂದರೆ, ಆ ಎರಡು ವರ್ಷ ಆಕೆ ತಾರದೆ ಹೋದ ಪಗಾರ. ಅಂಗಡಿಯಲ್ಲೋ ಕಾಲ್ ಸೆಂಟರಿನಲ್ಲೋ ತಿಂಗಳಿಗೆ 15,000 ರೂಪಾಯಿ ದುಡಿಯಬಹುದಿತ್ತು ಎಂದು ಹಿಡಿಯಿರಿ. ಎರಡು ವರ್ಷಕ್ಕೆ 3,60,000 ರೂಪಾಯಿ ಆಯಿತು. ಇದು ಯಾವ ರಸೀದಿಯಲ್ಲಿಯೂ ಬರೆದಿರುವುದಿಲ್ಲ. ಆದರೆ ಮನೆಯ ಒಲೆಗೆ ಗೊತ್ತಿರುತ್ತದೆ. ಗಮನಿಸಬೇಕಾದದ್ದೇನೆಂದರೆ, ಈ ಪಾಲು ಮಹಿಳಾ ಅಧ್ಯಯನಕ್ಕೂ ಅಷ್ಟೇ, ಎಂ.ಕಾಂ.ಗೂ ಅಷ್ಟೇ. ಅದನ್ನು ಒಂದು ವಿಷಯದ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ.

ಎರಡನೆಯದು, ಎಲ್ಲಿ ಓದುವುದು ಎಂಬ ಮಾತು. ಪುಣೆಯಲ್ಲಿ ಇಂದು ಖಾಸಗಿ ವಿಶ್ವವಿದ್ಯಾನಿಲಯಗಳಿಗೆ ಕೊರತೆಯಿಲ್ಲ. ಅಲ್ಲಿ ಸಮಾಜ, ಸಂಸ್ಕೃತಿ, ಲಿಂಗತ್ವ ಎಂಬ ಹೆಸರಿನ ಪದವಿಗಳಿಗೂ ವರ್ಷಕ್ಕೆ ಲಕ್ಷಗಟ್ಟಲೆ ಫೀ. ನಾಲ್ಕು ಲಕ್ಷ ರೂಪಾಯಿ ಸಾಲ ತೆಗೆದು, ನೂರಕ್ಕೆ 10ರ ಬಡ್ಡಿಯಲ್ಲಿ ಏಳು ವರ್ಷ ತೀರಿಸುವುದಾದರೆ ತಿಂಗಳ ಕಂತು ಸುಮಾರು 6,600 ರೂಪಾಯಿ ಆಗುತ್ತದೆ. ಕಟ್ಟಿ ಮುಗಿಯುವಾಗ ಐದೂವರೆ ಲಕ್ಷ ದಾಟಿರುತ್ತದೆ. ಓದಿ ಹೊರಬಂದವಳಿಗೆ ಕಂತ್ರಾಟಿನ ಮೇಲೆ 18,000 ರೂಪಾಯಿಯ ಕೆಲಸ ಸಿಕ್ಕಿತು ಎನ್ನೋಣ. ಪಗಾರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬ್ಯಾಂಕಿಗೇ ಹೋಯಿತು. ಇಂಥ ಸಾಲವನ್ನು ನಮ್ಮ ಬಂಧುಗಳು ಮಾಡಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ಇಲ್ಲಿ ದೋಷ ಫೀಯದೇ ಹೊರತು ವಿಷಯದ್ದಲ್ಲ. ಅದೇ ವಿಷಯ ಊರಿನ ಇನ್ನೊಂದು ತುದಿಯಲ್ಲಿ, ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾನಿಲಯದಲ್ಲಿದೆ. 1987ರಲ್ಲಿ ಆರಂಭವಾದ ಅಲ್ಲಿಯ ಮಹಿಳಾ ಅಧ್ಯಯನ ಕೇಂದ್ರ ಸಾವಿತ್ರಿಬಾಯಿಯವರ ಹೆಸರನ್ನೇ ಹೊತ್ತಿದೆ. ಕೆಲಸ ಬಿಡಲಾಗದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವಿದೆ. ವಿಜಯಪುರದ ಕಡೆಯ ನಮ್ಮವರಿಗೆ ತವರಿನಲ್ಲೇ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾನಿಲಯ ಇದೆ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದಲ್ಲಿ ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ಎರಡೂ ವಿಭಾಗಗಳಿವೆ.

ಮೂರನೆಯದು ನಮ್ಮಂಥ ವಲಸೆ ಬಂದವರಿಗೇ ಬೀಳುವ ಖರ್ಚು. ಇದನ್ನು ಕಾಲೇಜಿನ ಪತ್ರಿಕೆಗಳು ಬರೆಯುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿ ಆ ಸವಲತ್ತು ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ಕೊಟ್ಟಿತು. ಆ ಖಟ್ಲೆಯೂ ಆಂಧ್ರದಿಂದ ಮುಂಬಯಿಗೆ ಬಂದವನ ಮಗನದು. ಕಾಲೇಜು ಪ್ರವೇಶದ್ದೇ ಪ್ರಶ್ನೆ. 2018ರಲ್ಲಿ ಮತ್ತೊಮ್ಮೆ ಅದೇ ಮಾತು ಗಟ್ಟಿಯಾಯಿತು. ಆದ್ದರಿಂದ ಕಲಬುರಗಿಯ ದಲಿತ ಕುಟುಂಬದ ಹುಡುಗಿ ಕೊಂಢವಾದ ಶೆಡ್ಡಿನಲ್ಲೇ ಬೆಳೆದಿದ್ದರೂ ಪುಣೆಯ ಕಾಲೇಜಿನಲ್ಲಿ ಅವಳು ಸಾಮಾನ್ಯ ವರ್ಗದವಳು ಎನಿಸಿಕೊಳ್ಳುವ ಸಂಭವ ಉಂಟು. ವಿದ್ಯಾರ್ಥಿವೇತನಕ್ಕೆ ತವರು ರಾಜ್ಯದ ಸಮಾಜ ಕಲ್ಯಾಣ ಇಲಾಖೆಯನ್ನು ವಿಚಾರಿಸಬೇಕು. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ತಾಲೂಕು ಕಚೇರಿಯಿಂದ ತರಬೇಕು. ಅಂದರೆ ಎರಡು ಮೂರು ಸಲ ಊರಿಗೆ ಹೋಗಿಬರುವ ಖರ್ಚು, ಅಷ್ಟು ದಿನದ ಕೂಲಿ. ಪ್ರವೇಶದ ಕಡೆಯ ದಿನ ಇದಕ್ಕೆಲ್ಲ ಕಾಯುವುದಿಲ್ಲ. ಏಪ್ರಿಲ್ ತಿಂಗಳಲ್ಲೇ ಕಾಗದಪತ್ರ ಮಾಡಿಸಿಡುವವರು ಜಾಣರು.

ಮಹಾರಾಷ್ಟ್ರ ಸರಕಾರ 2024ರ ಜುಲೈಯಲ್ಲಿ ಒಂದು ನಿರ್ಣಯ ಹೊರಡಿಸಿತು. ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿನ ಆದಾಯದ, ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಪೂರ್ತಿ ಮಾಫಿ ಮಾಡಿತು. ಬಹಳ ಒಳ್ಳೆಯ ಕೆಲಸ, ನಾವು ಸ್ವಾಗತಿಸುತ್ತೇವೆ. ಆದರೆ ಇಂಜಿನಿಯರಿಂಗಿಗೆ ಹೋಗುವ ಹುಡುಗಿಗೆ ಸಿಗುವ ಈ ಸಹಾಯ, ಹೆಣ್ಣುಮಕ್ಕಳ ಸ್ಥಿತಿಗತಿಯನ್ನೇ ಓದಲು ಎಂ.ಎ.ಗೆ ಹೋಗುವ ಹುಡುಗಿಗೆ ಸಿಗುವುದಿಲ್ಲ. ಮಾರುಕಟ್ಟೆ ಯಾವುದನ್ನು ಹೆಚ್ಚು ಬೆಲೆಗೆ ಕೊಳ್ಳುತ್ತದೋ ಅದಕ್ಕೇ ಸರಕಾರದ ಸಹಾಯವೂ ಹರಿದುಹೋಗುತ್ತದೆ. ಇದು ವಿಚಾರ ಮಾಡಬೇಕಾದ ಸಂಗತಿ.

ಇನ್ನು ಗಳಿಕೆಯ ಕಡೆ. ಇಲ್ಲಿ ನಾವು ಸಿಹಿ ಮಾತಾಡುವುದಿಲ್ಲ. ಈ ಪದವಿ ಕೈಗೆ ಬಂದ ಕೂಡಲೇ ಯಾರೂ ಕರೆದು ನೌಕರಿ ಕೊಡುವುದಿಲ್ಲ. ಇರುವ ದಾರಿಗಳು ಮುಖ್ಯವಾಗಿ ಎರಡು.

ಒಂದು, ಪಾಠ ಮತ್ತು ಸಂಶೋಧನೆಯ ದಾರಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನಕ್ಕೆ ತನ್ನದೇ ಪ್ರಶ್ನೆಪತ್ರಿಕೆ ಇದೆ. ಅದರಲ್ಲಿ ಮೇಲಿನ ಸ್ಥಾನ ಪಡೆದು ಸಂಶೋಧನೆಗೆ ಸೇರಿದವರಿಗೆ 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ ವೇತನ ಗೊತ್ತಾಗಿದೆ. ಇದು ಸಣ್ಣ ಹಣವಲ್ಲ. ಆದರೆ ಪಡೆಯುವವರು ಕೆಲವರೇ. ಅಲ್ಪಸಂಖ್ಯಾತರ ಮಕ್ಕಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಕೊಂಢವಾದ ಮುಸಲ್ಮಾನ ಬಂಧುಗಳ ಹೆಣ್ಣುಮಕ್ಕಳಿಗೆ ಇದರಿಂದ ಒಂದು ಬಾಗಿಲು ಮುಚ್ಚಿತು. ಪಾಠ ಮಾಡುವ ಖಾಯಂ ಹುದ್ದೆಗಳೂ ಕಡಿಮೆ. ಮಹಿಳಾ ಅಧ್ಯಯನ ಕೇಂದ್ರಗಳು ಹಲವು ವರ್ಷ ಪಂಚವಾರ್ಷಿಕ ಯೋಜನೆಯ ಹಣದ ಮೇಲೆ ನಡೆದವು. ಹನ್ನೆರಡನೆಯ ಯೋಜನೆ 2017ರ ಮಾರ್ಚ್ 31ಕ್ಕೆ ಮುಗಿದಾಗ ಅಲ್ಲಿ ದುಡಿಯುತ್ತಿದ್ದ ಶಿಕ್ಷಕರು ನಾಳೆ ಏನೆಂದು ತಿಳಿಯದೆ ಕುಳಿತರು. ಗುತ್ತೆದಾರನ ಕೆಳಗೆ ದುಡಿಯುವ ನಮಗೂ ಅವರಿಗೂ ಆ ಹೊತ್ತಿನಲ್ಲಿ ಏನು ವ್ಯತ್ಯಾಸವಿತ್ತು?

ಎರಡನೆಯದು, ಕಾನೂನು ಹುಟ್ಟಿಸಿದ ಕೆಲಸಗಳು. 2005ರ ಕೌಟುಂಬಿಕ ಹಿಂಸೆಯ ಕಾನೂನು ಸಂರಕ್ಷಣಾಧಿಕಾರಿ ಬೇಕೆಂದಿತು. 2013ರ ಕಾನೂನು ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ಹೊರಗಿನಿಂದ ಬಂದ ತಿಳಿದವರೊಬ್ಬರು ಇರಬೇಕು ಎಂದಿತು. 2015ರ ಏಪ್ರಿಲಿನಿಂದ ಸಂಕಟದಲ್ಲಿರುವ ಹೆಂಗಸರಿಗಾಗಿ ‘ಸಖಿ’ ಕೇಂದ್ರಗಳು ಬಂದವು. ಕಾಗದದ ಮೇಲೆ ನೋಡಿದರೆ ಈ ವಿಷಯ ಓದಿದವರಿಗೆ ಎಷ್ಟು ಕೆಲಸ! ಆದರೆ ನಡೆಯುವುದೇನು? ಸಂರಕ್ಷಣೆಯ ಕೆಲಸವನ್ನು ಅನೇಕ ಕಡೆ ಬೇರೆ ಕೆಲಸದ ಭಾರವಿರುವ ಅಧಿಕಾರಿಗೇ ಹೆಚ್ಚುವರಿಯಾಗಿ ಹೊರಿಸುತ್ತಾರೆ. ಸಖಿ ಕೇಂದ್ರದ ಸಿಬ್ಬಂದಿ ಬಹುಮಟ್ಟಿಗೆ ಕಂತ್ರಾಟಿನವರು. ಸಮಿತಿಯ ಹೊರಗಿನ ಸದಸ್ಯೆಗೆ ಕೂತ ದಿನದ ಭತ್ಯೆ. ಅಂದರೆ ಕೆಲಸವಿದೆ, ಹುದ್ದೆಯಿಲ್ಲ. ಬೇಕಾದ ಜ್ಞಾನವಿದೆ, ಅದಕ್ಕೆ ಪಗಾರವಿಲ್ಲ. ಹೀಗಿರುವಾಗ ‘ಈ ಪದವಿಗೆ ಬೆಲೆಯಿಲ್ಲ’ ಎಂದು ಹುಡುಗಿಯನ್ನು ದೂರಬೇಕೋ, ಬೆಲೆ ಕಟ್ಟದವರನ್ನು ಕೇಳಬೇಕೋ?

ಇಲ್ಲಿ ಲೋಕದ ಮಾತನ್ನೂ ಸ್ವಲ್ಪ ನೋಡುವುದು ಒಳ್ಳೆಯದು. ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1968ರ ನವೆಂಬರಿನಿಂದ 1969ರ ಮಾರ್ಚಿನವರೆಗೆ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕರಿಯರ, ಏಷ್ಯಾದವರ, ಮೆಕ್ಸಿಕೋ ಮೂಲದವರ, ಮೂಲನಿವಾಸಿಗಳ ಚರಿತ್ರೆಯನ್ನು ಕಲಿಸಿರೆಂಬುದು ಅವರ ಬೇಡಿಕೆ. ಹಾಗೆ ಜನಾಂಗ ಅಧ್ಯಯನ ಅಲ್ಲಿಯ ಕಾಲೇಜಿಗೆ ಬಂತು. 1970ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮಹಿಳಾ ಅಧ್ಯಯನ ಬಂತು. ಇಂದು ಅದೇ ದೇಶದಲ್ಲಿ ಯಾವ ಕಾಲೇಜಿನ ಯಾವ ವಿಷಯ ಓದಿದವರಿಗೆ ಎಷ್ಟು ಸಾಲ, ಎಷ್ಟು ಸಂಬಳ ಎಂಬುದನ್ನು ಸರಕಾರವೇ ಪ್ರಕಟಿಸುತ್ತದೆ. ಇದು ತಂದೆತಾಯಿಗಳಿಗೆ ಉಪಕಾರವೇ ಸರಿ. ನಮ್ಮ ದೇಶದಲ್ಲಿಯೂ ವಿಷಯವಾರು ಇಂಥ ಲೆಕ್ಕ ಬೇಕು. ಆದರೆ ಸಂಬಳದ ಅಂಕಿಯೊಂದನ್ನೇ ಹಿಡಿದು ವಿಷಯಕ್ಕೆ ಬೀಗ ಹಾಕುವುದೂ ಉಂಟು. 2018ರಲ್ಲಿ ಹಂಗೇರಿಯ ಸರಕಾರ, ಕೆಲಸ ಕೊಡುವವರು ಕೇಳುತ್ತಿಲ್ಲ, ಓದುವವರು ಕಡಿಮೆ ಎಂದು ಹೇಳಿ ಲಿಂಗತ್ವ ಅಧ್ಯಯನದ ಪದವಿಯನ್ನೇ ಪಟ್ಟಿಯಿಂದ ತೆಗೆದುಹಾಕಿತು. ನಿಜವಾದ ಕಾರಣ ಬೇರೆಯೇ ಇದ್ದಿತೆಂಬುದು ಯಾರಿಗೂ ತಿಳಿಯದ ಗುಟ್ಟಲ್ಲ.

ಪಗಾರವನ್ನೇ ಅಳತೆಗೋಲು ಮಾಡಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಸವೆಸುತ್ತಾರೆ. ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ದಿನಕ್ಕೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ ದುಡಿತ, ಪಗಾರ ಸೊನ್ನೆ. ಹಾಗಾದರೆ ಆ ದುಡಿತಕ್ಕೆ ಬೆಲೆಯಿಲ್ಲವೇ? ಅದು ಒಂದು ದಿನ ನಿಂತರೆ ಗಂಡಸಿನ ಕೂಲಿಯೂ ನಿಲ್ಲುತ್ತದೆ. ಈ ಲೆಕ್ಕವನ್ನು ಎಣಿಸಬೇಕೆಂದು ಹಟ ಹಿಡಿದವರು ಯಾರು? ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮತ್ತು ಅವರಂಥವರು. 1970ರ ದಶಕದಲ್ಲೇ ಹಳ್ಳಿಯ ಹೆಂಗಸರ ದಿನಚರಿಯನ್ನು ಗಂಟೆಗಂಟೆಗೆ ಅಳೆದು, ಸರಕಾರದ ಜನಗಣತಿ ಅವರ ದುಡಿತವನ್ನು ಕಾಣುತ್ತಿಲ್ಲವೆಂದು ಅವರು ತೋರಿಸಿದರು. 1974ರಲ್ಲಿ ಭಾರತದ ಹೆಂಗಸರ ಸ್ಥಿತಿಗತಿಯ ಸಮಿತಿ ತನ್ನ ವರದಿ ಕೊಟ್ಟಿತು. ಅಲ್ಲಿಂದ ಮುಂದೆಯೇ ಮಹಿಳಾ ಅಧ್ಯಯನವು ವಿಶ್ವವಿದ್ಯಾನಿಲಯದ ಬಾಗಿಲು ತಟ್ಟಿದ್ದು.

ಪುಣೆಯ ಚರಿತ್ರೆಯಂತೂ ಈ ವಿದ್ಯೆಯ ತವರುಮನೆ. 1848ರಲ್ಲಿ ಫುಲೆ ದಂಪತಿಗಳು ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1882ರಲ್ಲಿ ತಾರಾಬಾಯಿ ಶಿಂದೆ ಎಂಬ ಮರಾಠಿ ಹೆಣ್ಣುಮಗಳು ಸ್ತ್ರೀಯನ್ನೂ ಪುರುಷನನ್ನೂ ತಕ್ಕಡಿಯಲ್ಲಿಟ್ಟು ತೂಗಿದ ‘ಸ್ತ್ರೀ ಪುರುಷ ತುಲನಾ’ ಎಂಬ ಪುಸ್ತಕವನ್ನು ಈ ಊರಿನಲ್ಲೇ ಅಚ್ಚು ಹಾಕಿಸಿದಳು. ಅದೇ ವರ್ಷ, ನಮ್ಮ ಕನ್ನಡ ನಾಡಿನ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣು ಶಿಕ್ಷಕಿಯರು, ಹೆಣ್ಣು ವೈದ್ಯರು ಬೇಕೆಂದು ಸಾಕ್ಷ್ಯ ಹೇಳಿದರು. ಇವರಲ್ಲಿ ಯಾರ ಓದಿಗೂ ಆ ದಿನ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ. ಇಂದು ನಮ್ಮ ಹುಡುಗಿಯರು ನರ್ಸು, ಟೀಚರು, ಇಂಜಿನಿಯರು ಆಗಿ ತರುವ ಪಗಾರವೆಲ್ಲ ಆ ಬೆಲೆಯಿಲ್ಲದ ಓದಿನ ಬಡ್ಡಿ.

ಹಳೆಯ ಕತೆ ಬಿಡಿ ಎನ್ನುವವರಿಗೆ ಹೊಸದೊಂದು. 1990ರ ಸುಮಾರಿಗೆ ಪುಣೆಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾನಿಲಯದ ವಯಸ್ಕರ ಶಿಕ್ಷಣ ವಿಭಾಗದವರು ಕಸ ಆರಿಸುವ ಹೆಂಗಸರಿಗೂ ಮಕ್ಕಳಿಗೂ ಅಕ್ಷರ ಕಲಿಸಲು ಹೋದರು. ಹೋದವರು ಅಕ್ಷರದಲ್ಲೇ ನಿಲ್ಲಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವರು ಏನು ಆರಿಸುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಯಾರು ಅವರನ್ನು ಕಳ್ಳರೆಂದು ಓಡಿಸುತ್ತಾರೆ ಎಂಬುದನ್ನು ಅವರ ಜೊತೆಯಲ್ಲೇ ನಡೆದು ತಿಳಿದರು. ಅದರಿಂದ 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಎಂಬ ಸಂಘ ಹುಟ್ಟಿತು. ಹಮಾಲರ ನಾಯಕ ಬಾಬಾ ಆಢಾವರು ಬೆನ್ನಿಗೆ ನಿಂತರು. ನಗರಪಾಲಿಕೆ ಮೊಹರು ಹಾಕಿದ ಗುರುತಿನ ಚೀಟಿ ಬಂತು. ಮುಂದೆ ಆ ಹೆಂಗಸರದೇ ‘ಸ್ವಚ್ಛ’ ಸಹಕಾರಿ ಸಂಸ್ಥೆಯಾಯಿತು. ಇಂದು ಮನೆಮನೆಯ ಕಸ ಎತ್ತುವ ಅಕ್ಕಂದಿರಲ್ಲಿ ಅನೇಕರು ಆ ಸಂಸ್ಥೆಯವರು. ವಿಶ್ವವಿದ್ಯಾನಿಲಯದಲ್ಲಿ ಕಲಿತ ಕೆಲವರ ಓದು ಸಾವಿರಾರು ಹೆಂಗಸರ ಪಗಾರವನ್ನು ಹೆಚ್ಚಿಸಿತು. ಇದನ್ನು ಯಾವ ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಬರೆಯುತ್ತೀರಿ?

ಈಗ ನಮ್ಮ ಕೊಂಢವಾಕ್ಕೇ ಬರೋಣ. 2019ರ ಜೂನ್ 29ರ ನಸುಕಿನಲ್ಲಿ ಇಲ್ಲಿ ಮಳೆಗೆ ವಸತಿ ಸೊಸೈಟಿಯೊಂದರ ಕಾಂಪೌಂಡು ಗೋಡೆ ಕುಸಿದು ಕೂಲಿಕಾರರ ಶೆಡ್ಡುಗಳ ಮೇಲೆ ಬಿತ್ತು. ಮಕ್ಕಳೂ ಸೇರಿ 15 ಜನ ಸತ್ತರು. ಅವರು ಬಿಹಾರದ ಕಡೆಯಿಂದ ದುಡಿಯಲು ಬಂದವರು; ಅದೇ ಬಗೆಯ ಶೆಡ್ಡುಗಳಲ್ಲಿ ನಮ್ಮ ಯಾದಗಿರಿ, ಕಲಬುರಗಿಯವರೂ ಮಲಗುತ್ತಾರೆ. ಗೋಡೆಯ ಕಬ್ಬಿಣ ಸಿಮೆಂಟಿನ ಲೆಕ್ಕ ಇಂಜಿನಿಯರು ಹೇಳಬಲ್ಲ. ಆದರೆ ಆ ಗೋಡೆಯ ಬುಡದಲ್ಲೇ ಕುಟುಂಬ ಸಮೇತ ಏಕೆ ಮಲಗಬೇಕಾಯಿತು, ದೂರದಿಂದ ಬಂದವರ ಹೆಸರು ಯಾವ ವಹಿಯಲ್ಲೂ ಏಕೆ ಇರುವುದಿಲ್ಲ, ತಾಯಿ ಕೆಲಸಕ್ಕೆ ಹೋದಾಗ ಕೂಸು ಎಲ್ಲಿರುತ್ತದೆ ಎಂಬುದನ್ನು ಯಾರು ಕೇಳಬೇಕು? 1996ರ ಕಟ್ಟಡ ಕಾರ್ಮಿಕರ ಕಾನೂನಿನಂತೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸಿನ ಮನೆ ಇರಲೇಬೇಕಿತ್ತು. ಐವತ್ತು ದಾಟದಂತೆ ಹಾಜರಿ ಬರೆದರೆ ಆ ಕಾನೂನು ಸತ್ತಂತೆಯೇ ಆಗುತ್ತಿತ್ತು. ಇಂಥದನ್ನು ಕಾಣಲು ಕಲಿಸುವ ವಿದ್ಯೆಯೇ ಮಹಿಳಾ ಅಧ್ಯಯನ. ವಲಸೆ ಬಂದ ಜನರ, ದಲಿತರ, ಬುಡಕಟ್ಟಿನವರ ಅಧ್ಯಯನ. ನಮ್ಮ ಬದುಕನ್ನು ನಮ್ಮ ಭಾಷೆ ಬಲ್ಲ ನಮ್ಮ ಮಕ್ಕಳೇ ಓದಿ ಬರೆಯದಿದ್ದರೆ ಬೇರೆಯವರು ಬರೆದದ್ದನ್ನು ನಾವು ಕೇಳಬೇಕಾಗುತ್ತದೆ.

ಹಾಗೆಂದು ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಓದಿರೆಂದು ನಾವು ಹೇಳುವವರಲ್ಲ. ಬಡವರ ಮಗಳು ಸಮಾಜಕ್ಕಾಗಿ ಪುಕ್ಕಟೆ ದುಡಿಯಲಿ, ಉಳ್ಳವರ ಮಗಳು ಕಂಪ್ಯೂಟರು ಕಲಿತು ಸಂಬಳ ತರಲಿ ಎಂಬ ಉಪದೇಶವನ್ನು ನಾವು ಒಪ್ಪುವುದಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಈ ವಿಷಯ ಓದಬಯಸುವ ಮಗಳನ್ನು ತಡೆಯಬೇಡಿ. ಆದರೆ ಸಾಲ ಮಾಡಿ ಖಾಸಗಿ ಕಡೆ ಕಳಿಸಬೇಡಿ. ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಸ್ಥಳ ಸಿಕ್ಕರೆ ಸೇರಿಸಿ. ಸಿಗದಿದ್ದರೆ ಕೆಲಸ ಮಾಡುತ್ತ ಅಂಚೆ ಶಿಕ್ಷಣ. ಎಂ.ಎ.ಯ ಜೊತೆಗೆ ಇನ್ನೊಂದು ಕೈಕಸುಬಿನಂಥ ವಿದ್ಯೆ ಇರಲಿ: ಕಾನೂನು, ಸಮಾಜಕಾರ್ಯ, ಅಂಕಿಅಂಶದ ಕೆಲಸ, ಭಾಷಾಂತರ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಆಡಬಲ್ಲ ನಮ್ಮ ಮಕ್ಕಳಿಗೆ ಈ ಕಡೆಯದು ಹುಟ್ಟಿನಿಂದ ಬಂದ ಬಂಡವಾಳ. ಮೊದಲ ವರ್ಷದಿಂದಲೇ ನೆಟ್ ಪರೀಕ್ಷೆಗೆ ಓದಲಿ. ಸೇರುವ ಮುನ್ನ ಆ ವಿಭಾಗದಲ್ಲಿ ಓದಿ ಹೋದ ನಾಲ್ಕು ಜನರನ್ನು ಹುಡುಕಿ, ಈಗ ಏನು ಮಾಡುತ್ತಿದ್ದಾರೆಂದು ಕೇಳಲಿ. ಜಾಹೀರಾತನ್ನು ನಂಬಬಾರದು.

ಸಂಘಗಳಿಗೂ ಎರಡು ಮಾತು. ನಮ್ಮ ಸಂಘಗಳ ವಿದ್ಯಾರ್ಥಿ ಸಹಾಯನಿಧಿಗಳು ಇಂಜಿನಿಯರಿಂಗು, ಡಾಕ್ಟರಿಕೆಗೆ ಮಾತ್ರ ಕೈ ಬಿಚ್ಚುವ ರೂಢಿಯನ್ನು ಬಿಡಬೇಕು. ವರ್ಷಕ್ಕೆ ಒಬ್ಬಳೇ ಒಬ್ಬ ಹುಡುಗಿಗಾದರೂ ಬಸ್ಸಿನ ಪಾಸು, ಪುಸ್ತಕದ ಖರ್ಚು ಕೊಡಲಿ. ಪ್ರತಿಯಾಗಿ ಆಕೆ ನಮ್ಮ ವಸತಿಗಳಲ್ಲಿ ಮನೆಗೆಲಸದವರ, ಕಟ್ಟಡ ಕಾರ್ಮಿಕರ ಹೆಸರನ್ನು ಕಲ್ಯಾಣ ಮಂಡಳಿಗಳಲ್ಲಿ ಬರೆಸಲು ನೆರವಾಗಲಿ. ಮನೆಗೆಲಸದವರಿಗಾಗಿ ಮಹಾರಾಷ್ಟ್ರದಲ್ಲಿ 2008ರಲ್ಲೇ ಕಾನೂನು ಬಂದಿದೆಯೆಂಬುದು ಎಷ್ಟು ಅಕ್ಕಂದಿರಿಗೆ ಗೊತ್ತು? ಇನ್ನೊಂದು, ಸಂಘಗಳೆಲ್ಲ ಒಟ್ಟಾಗಿ ಸರಕಾರವನ್ನು ಕೇಳಬೇಕು: ಸಂರಕ್ಷಣಾಧಿಕಾರಿ, ಸಖಿ ಕೇಂದ್ರ ಮೊದಲಾದ ಕೆಲಸಗಳಿಗೆ ಖಾಯಂ ಹುದ್ದೆ ಮಾಡಿ, ನೇಮಕದ ಅರ್ಹತೆಯಲ್ಲಿ ಮಹಿಳಾ ಅಧ್ಯಯನದ ಪದವಿಯನ್ನು ಹೆಸರಿಟ್ಟು ಬರೆಯಿರಿ, 2024ರ ಶುಲ್ಕ ಮಾಫಿಯನ್ನು ಎಂ.ಎ.ಗೂ, ವಲಸೆ ಬಂದ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿ.

ಗೌಂಡಿ ಕಟ್ಟಿದ ಗೋಡೆಗೆ ಬೆಲೆ ಗೊತ್ತುಮಾಡುವವನು ಗೌಂಡಿಯಲ್ಲ. ಆದ್ದರಿಂದಲೇ ನಾವು ಸಂಘ ಕಟ್ಟಿದೆವು. ಓದಿನ ಬೆಲೆಯನ್ನೂ ಕೊಳ್ಳುವವರೇ ಗೊತ್ತುಮಾಡುವಂತೆ ಬಿಟ್ಟರೆ ನಮ್ಮ ಹೆಣ್ಣುಮಕ್ಕಳ ಬದುಕಿನ ವಿದ್ಯೆ ಯಾವಾಗಲೂ ಅಗ್ಗವಾಗಿಯೇ ಉಳಿಯುವುದು. ಬರುವ ಜೂನಿನೊಳಗೆ ನಮ್ಮ ಬಂಧುಗಳು ಮನೆಯಲ್ಲೂ ಸಂಘದ ಸಭೆಯಲ್ಲೂ ಈ ಲೆಕ್ಕವನ್ನು ಎರಡೂ ಕಡೆಯಿಂದ ಹಾಕಿ ನೋಡುವರೆಂದು ನಂಬಿದ್ದೇವೆ.